ಒರಗಿದ ಠ

ಕಾಲೇಜಿನ ಹುಡುಗಿಯರು ಅವಳನ್ನು ವರ್ನಿಯರ್ ಅಕ್ಕ ಎಂದೇ ಕರೆಯುತ್ತಿದ್ದರು. ಭೌತಶಾಸ್ತ್ರ ಪ್ರಯೋಗಾಲಯದ ಬೀರುವಿನ ಬೀಗದ ಕೈ ಸದಾ ಅವಳ ಸೊಂಟದಲ್ಲಿ. ವರ್ನಿಯರ್, ಸ್ಕ್ರೂಗೇಜು, ಲೋಲಕದ ಗುಂಡು, ಎಲ್ಲವನ್ನೂ ಬೆಳಿಗ್ಗೆ ಕೈಗೆ ಕೊಟ್ಟು ಸಂಜೆ ಕೈಯಿಂದ ಪಡೆಯುವುದು ಅವಳ ನೌಕರಿ. ಕೊಡುವಾಗ ಪ್ರತಿಯೊಬ್ಬಳಿಗೂ ಒಂದೇ ಮಾತು: ಅಳೆಯುವ ಮೊದಲು ಸೊನ್ನೆ ಸರಿಯಿದೆಯೇ ನೋಡಿಕೋ, ಎಲ್ಲಾದರೂ ಏನಾದರೂ ತಾಗಿಕೊಂಡಿದೆಯೇ ನೋಡಿಕೋ. ಬೆನ್ನ ಹಿಂದೆ ಹುಡುಗಿಯರು ಇದನ್ನೇ ರಾಗ ಎಳೆದು ಹೇಳಿ ನಗುತ್ತಾರೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳುತ್ತಿದ್ದಳು.

ಸೊಟ್ಟಗಿರುವುದನ್ನು ಕಂಡರೆ ಅವಳಿಗೆ ಚಿಕ್ಕಂದಿನಿಂದಲೂ ಆಗದು. ನೆಂಟರ ಮನೆಗೆ ಹೋದರೆ ಕೈಗೆ ಕೊಟ್ಟ ನೀರಿನ ಲೋಟವನ್ನು ಕೆಳಗಿಟ್ಟು, ಗೋಡೆಯ ಮೇಲೆ ವಾಲಿದ ಫೋಟೋ ಸರಿಮಾಡಿ ಬಂದು ಕೂರುವವಳು. ಇದು ಅಪ್ಪನಿಂದ ಅಂಟಿದ ಕಾಯಿಲೆ ಎಂದು ಅಮ್ಮ ಹೇಳುತ್ತಾಳೆ. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುವವನು. ಬೀದಿಯಲ್ಲಿ ನಡೆದರೆ ಎದುರು ಬಂದವರ ಮುಖ ನೋಡುವುದಿಲ್ಲ, ತಲೆಯೆತ್ತಿ ಬಾಗಿಲುಗಳ ಮೇಲಿನ ಅಕ್ಷರಗಳ ಮುಖ ನೋಡುತ್ತಾನೆ. ಎಷ್ಟೋ ಜನ ಅವನನ್ನು ಜಂಬದ ಮನುಷ್ಯ ಅಂದುಕೊಂಡದ್ದು ಹೀಗೆ.

ಈಗೀಗ ಅಪ್ಪನ ಬಲಗೈ ನಡುಗುತ್ತಿತ್ತು. ಬಕೆಟ್ಟು ಎತ್ತುವಾಗ, ಬಾಗಿಲು ಎಳೆಯುವಾಗ ಏನೂ ಇಲ್ಲ. ಕುಂಚ ಹಿಡಿದರೆ ಮಾತ್ರ ತುದಿ ಅದುರುತ್ತದೆ. ಡಾಕ್ಟರು ಇದು ಪ್ರಾಣಕ್ಕೇನೂ ಅಪಾಯವಲ್ಲ, ಹೀಗೇ ಇರುತ್ತದೆ ಅಂದರು. ಅಪ್ಪ ಮನೆಗೆ ಬಂದವನೇ ಕುಂಚಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟ. ಆಮೇಲೆ ಮಾತು ಕಡಿಮೆಯಾಯಿತು. ಮೊದಲೇನೂ ಹೆಚ್ಚಿರಲಿಲ್ಲ.

ಹೀಗಿರುವಾಗ ಬೀದಿ ಮೂಲೆಯ ಪಾಠಶಾಲೆಯ ಮುಖ್ಯೋಪಾಧ್ಯಾಯಿನಿ ಹೆಡ್ಡಮ್ಮ ಬಾಗಿಲಿಗೆ ಬಂದರು. ಹಳೆಯ ಬೋರ್ಡಿನ ಬಣ್ಣ ಕಿತ್ತುಹೋಗಿದೆ, ಅದನ್ನು ಬರೆದವರೇ ಹೊಸದನ್ನೂ ಮಾಡಿಕೊಡಬೇಕು ಎಂದು ಕೇಳಿದರು. ಅಪ್ಪ ಆಗುವುದಿಲ್ಲ ಎನ್ನುವಷ್ಟರಲ್ಲಿ ಒಳಗಿನಿಂದ ಮಗಳು, ಆಗತ್ತೆ ಮೇಡಂ, ಮರದಲ್ಲೇ ಅಕ್ಷರ ಕತ್ತರಿಸಿ ಕೊಡ್ತೀವಿ ಅಂದುಬಿಟ್ಟಳು. ಹೆಡ್ಡಮ್ಮ ಖುಷಿಯಾಗಿ ಹೋದರು. ಅಪ್ಪ ಮಗಳ ಮುಖವನ್ನು ದಿಟ್ಟಿಸಿ ನೋಡಿದ, ಬಾಗಿಲ ಮೇಲಿನ ಅಕ್ಷರ ನೋಡುವ ಹಾಗೆ.

ಅವಳ ತಲೆಯಲ್ಲಿ ಆಗಲೇ ಒಂದು ಯಂತ್ರವಿತ್ತು. ಕಂಪ್ಯೂಟರು ಹೇಳಿದ ಗೆರೆಯ ಮೇಲೆ ತಾನೇ ಓಡಾಡಿ ಮರ ಕತ್ತರಿಸುವ ಸಿಎನ್‌ಸಿ ಯಂತ್ರ. ಬಿಡಿಭಾಗ ತರಿಸಿ ತಾನೇ ಜೋಡಿಸಿದಳು. ಮೇಜಿನಷ್ಟಗಲದ ಅಲ್ಯೂಮಿನಿಯಂ ಚೌಕಟ್ಟು. ಅದರ ಮೇಲೆ ಹಿಂದೆ ಮುಂದೆ ಹೋಗುವ ಒಂದು ಸೇತುವೆ. ಸೇತುವೆಯ ಮೇಲೆ ಎಡಕ್ಕೂ ಬಲಕ್ಕೂ ಸರಿಯುವ ಕತ್ತರಿಸುವ ಮೋಟಾರು. ಅಪ್ಪನ ಒಳ್ಳೆಯ ದಿನಗಳ ಅಕ್ಷರಗಳು, ಸೂಜಿಯಿಂದ ಚುಚ್ಚಿದ ಕಾಗದದ ಅಚ್ಚುಗಳಾಗಿ, ಅಟ್ಟದ ಮೇಲೆ ಸುರುಳಿ ಸುತ್ತಿಕೊಂಡು ಮಲಗಿದ್ದವು. ಅವನ್ನು ಕಂಪ್ಯೂಟರಿಗೆ ಹತ್ತಿಸಿದರೆ ಅಪ್ಪನ ಕೈ ಮತ್ತೆ ಬರೆದಂತೆಯೇ. ಅವಳ ಲೆಕ್ಕ ಇಷ್ಟು ಸರಳವಾಗಿತ್ತು.

ಅಪ್ಪ ಒಂದೇ ಒಂದು ಅಚ್ಚು ಇಳಿಸಿ ಕೊಟ್ಟ. ಠ.

"ಮೊದಲು ಇದರ ಹೊಟ್ಟೆ ಕತ್ತರಿಸು. ಬೇರೆ ಅಕ್ಷರಕ್ಕೆ ಬಾಲ ಇದೆ, ಕೊಂಬಿದೆ, ತಪ್ಪು ಅಡಗಿಸಿಕೊಳ್ಳತ್ತೆ. ಇದಕ್ಕೆ ಅಡಗೋಕೆ ಜಾಗ ಇಲ್ಲ."

ಯಂತ್ರದ ಚೌಕಟ್ಟು ಹಿಂದಿನ ಕೋಣೆಯ ಬಾಗಿಲಲ್ಲಿ ಹಿಡಿಸಲಿಲ್ಲ. ಕಿಟಕಿಯ ಸರಳುಗಳ ಚೌಕಟ್ಟನ್ನೇ ಬಿಚ್ಚಿ ಹಿತ್ತಲ ಕಡೆಯಿಂದ ಒಳಗೆ ತಂದರು. ಬಿಚ್ಚಿದ ಸರಳು ಸದ್ಯಕ್ಕೆ ಗೋಡೆಗೆ ಒರಗಿ ನಿಂತಿತು. ಆ ಮನೆಯಲ್ಲಿ ಸದ್ಯಕ್ಕೆ ಎಂದು ಮಾಡಿದ ಯಾವುದೂ ಬದಲಾದದ್ದಿಲ್ಲ. ಸೋಫಾದ ಮುರಿದ ಕಾಲಿನ ಕೆಳಗೆ ಸದ್ಯಕ್ಕೆ ಇಟ್ಟ ಇಟ್ಟಿಗೆಯನ್ನು ಅಮ್ಮ ಪ್ರತಿವಾರ ಒರೆಸುತ್ತಾಳೆ.

ಅಂದಿನಿಂದ ಅವಳ ಬೆಳಗುಗಳೆಲ್ಲ ಯಂತ್ರದ ಮುಂದೆ ಹೋದವು. ಮುನ್ನೂರು ಮಿಲಿಮೀಟರು ಹೋಗು ಅಂದರೆ ಅದು ಇನ್ನೂರ ತೊಂಬತ್ತೆಂಟು ಚಿಲ್ಲರೆ ಹೋಗಿ ನಿಲ್ಲುತ್ತಿತ್ತು. ಮೋಟಾರು ಒಂದು ಮಿಲಿಮೀಟರಿಗೆ ಎಷ್ಟು ಪುಟ್ಟ ಹೆಜ್ಜೆ ಇಡಬೇಕು ಎಂಬ ಸಂಖ್ಯೆಯನ್ನು ತಿದ್ದಿದಳು. ಈಗ ಜಾಸ್ತಿ ಹೋಯಿತು. ಮತ್ತೆ ತಿದ್ದಿದಳು. ಉಕ್ಕಿನ ಅಳತೆಪಟ್ಟಿ ಇಟ್ಟು, ಕಣ್ಣು ಕಿರಿದು ಮಾಡಿ, ಉಸಿರು ಹಿಡಿದು ನೋಡಿದಳು. ತಿಂಡಿ ಆರಿತು. ಕಾಲೇಜಿಗೆ ತಡವಾಯಿತು. ಕೊನೆಗೊಂದು ಬೆಳಿಗ್ಗೆ ಉದ್ದವೂ ಸರಿ, ಅಡ್ಡವೂ ಸರಿ. ಮೂಲೆಯಿಂದ ಮೂಲೆಗೆ ಅಳೆದರೆ ಎರಡೂ ಕರ್ಣ ಸಮ.

ಭಾನುವಾರ ಮೊದಲ ಠದ ಹೊಟ್ಟೆ ಕತ್ತರಿಸಿದಳು. ಅಪ್ಪ ಹಲಗೆಯಿಂದ ಕತ್ತರಿಸಿದ ದುಂಡು ಬಿಲ್ಲೆಯನ್ನು ಬಿಡಿಸಿ, ಕಾಲು ಸುತ್ತು ತಿರುಗಿಸಿ, ಅದೇ ತೂತಿನಲ್ಲಿ ಮತ್ತೆ ಇಟ್ಟ. ಸುತ್ತಲೂ ಒಂದೇ ಸಮ ಇರಬೇಕಾದ ಸಂದು ಒಂದು ಕಡೆ ಉಗುರು ತೂರುವಷ್ಟು, ಇನ್ನೊಂದು ಕಡೆ ಕಾಗದವೂ ತೂರದಷ್ಟು. ಅಪ್ಪ ಬಿಲ್ಲೆಯನ್ನು ಮೇಜಿನ ಮೇಲೆ ಮೆತ್ತಗೆ ಇಟ್ಟು ಹೋದ. ಆ ಮೆತ್ತಗೆ ಇಟ್ಟದ್ದು ಅವಳನ್ನು ವಾರವೆಲ್ಲ ಚುಚ್ಚಿತು.

ಸೋಮವಾರ ಬೆಳಿಗ್ಗೆ ಅಳೆದರೆ ಎಲ್ಲ ಸರಿ. ಮಂಗಳವಾರವೂ ಸರಿ. ಹಲಗೆ ಕತ್ತರಿಸಲು ಬಿಡುವಿದ್ದದ್ದು ಭಾನುವಾರ ಮಾತ್ರ. ಭಾನುವಾರ ಕತ್ತರಿಸಿದರೆ ಠ ಮತ್ತೆ ಒರಗಿತ್ತು. ಹಾಗಾದರೆ ತಪ್ಪು ಅಳತೆಯಲ್ಲಿಲ್ಲ, ಕತ್ತರಿಸುವಾಗಿನ ಒತ್ತಡದಲ್ಲಿದೆ ಎಂದು ಅವಳು ತೀರ್ಮಾನಿಸಿದಳು. ವೇಗ ಇಳಿಸಿದಳು, ಬೆಲ್ಟು ಬಿಗಿದಳು, ಹೊಸ ಕಟರು ಹಾಕಿದಳು. ಮುಂದಿನ ಭಾನುವಾರ ಠ ಮೊದಲಿಗಿಂತ ಹೆಚ್ಚು ವಾಲಿತು. ಯಾರೋ ಬೇಕೆಂದೇ ಕಾಲೆಳೆಯುತ್ತಿರುವಂತೆ. ಕೈಯಲ್ಲಿದ್ದ ಸ್ಪ್ಯಾನರನ್ನು ಗೋಡೆಗೆ ಎಸೆದಳು. ಎಸೆದು, ತಾನೇ ಹೋಗಿ ಹೆಕ್ಕಿಕೊಂಡು ಬಂದಳು. ಗೋಡೆಯ ಸುಣ್ಣ ಉದುರಿದ್ದನ್ನು ಅಮ್ಮ ಗುಡಿಸಿದಳು. ಗುಡಿಸುತ್ತ, ಹಿತ್ತಲ ಹಗ್ಗ ಜೋತು ಬಿದ್ದು ಬೆಡ್‌ಶೀಟೆಲ್ಲ ನೆಲ ಒರೆಸುತ್ತಿವೆ, ಸ್ವಲ್ಪ ಬಿಗಿ ಮಾಡಿ ಹೋಗೇ ಅಂದಳು. ಹಿಂದಿನ ಭಾನುವಾರವೂ ಇದನ್ನೇ ಹೇಳಿದ್ದಳು. ಹಗ್ಗ ಎಳೆದು ಇನ್ನೊಂದು ಗಂಟು ಹಾಕಿ, ಮಗಳು ಮತ್ತೆ ಯಂತ್ರದ ಮುಂದೆ ಕೂತಳು.

ಅಂದು ಅಪ್ಪ ಬಾಗಿಲಲ್ಲಿ ನಿಂತು ಆ ಠವನ್ನು ನೋಡಿದ.

"ಇದಕ್ಕೂ ನನ್ನ ಹಾಗೇ ಕೈ ನಡುಗತ್ತೆ ಕಣೇ. ಬಿಡು."

"ನಡುಗಲ್ಲಪ್ಪ. ಕಾರಣ ಇರತ್ತೆ. ಹುಡುಕ್ತೀನಿ."

"ಹುಡುಕು. ಬರೋ ಭಾನುವಾರ ಊಟ ಆದ್ಮೇಲೆ ಹೆಡ್ಡಮ್ಮನಿಗೆ ಫೋನ್ ಮಾಡ್ತೀನಿ. ಅವರೆಷ್ಟು ದಿನ ಅಂತ ಕಾಯ್ತಾರೆ. ಬೇರೆಯವರ ಹತ್ರ ಮಾಡಿಸ್ಕೊಳ್ಲಿ."

ಫೋನು ಮಾಡಿದರೆ ಹೋಗುವುದು ಒಂದು ಬೋರ್ಡಲ್ಲ ಎಂದು ಅವಳಿಗೆ ಗೊತ್ತಿತ್ತು. ಅಟ್ಟದ ಮೇಲಿನ ಸುರುಳಿಗಳು ಇನ್ನೆಂದೂ ಕೆಳಗಿಳಿಯುವುದಿಲ್ಲ. ಆಸೆ ಹುಟ್ಟಿಸಿದವಳು ತಾನು. ಸುಮ್ಮನಿದ್ದಿದ್ದರೆ ಅಪ್ಪ ಒಮ್ಮೆ ಮಾತ್ರ ಸೋಲುತ್ತಿದ್ದ.

ಆ ವಾರ ಪ್ರಯೋಗಾಲಯದಲ್ಲಿ ಕಾರಣವಿಲ್ಲದೆ ಹುಡುಗಿಯರ ಮೇಲೆ ರೇಗಿದಳು. ಶನಿವಾರ ಪ್ರೊಫೆಸರನ್ನು ಕೇಳಿ ಡಯಲ್ ಗೇಜು ಮನೆಗೆ ತಂದಳು. ಜೇಬುಗಡಿಯಾರದಂಥ ಉಪಕರಣ; ಅದರ ಮೊನೆಯನ್ನು ಯಾವುದಕ್ಕಾದರೂ ತಾಗಿಸಿಟ್ಟರೆ, ಅದು ಕೂದಲೆಳೆಯಷ್ಟು ಸರಿದರೂ ಮುಳ್ಳು ತೋರಿಸುತ್ತದೆ. ಭಾನುವಾರ ಗೇಜಿನ ಅಯಸ್ಕಾಂತದ ಕಾಲನ್ನು ಪಕ್ಕದ ಕಬ್ಬಿಣದ ಬೀರುವಿಗೆ ಕಚ್ಚಿಸಿ, ಮೊನೆಯನ್ನು ಯಂತ್ರದ ಹಿಂದಿನ ಮೂಲೆಗೆ, ಕಿಟಕಿಯ ಬಳಿ, ತಾಗಿಸಿಟ್ಟಳು. ಕತ್ತರಿಸುವಾಗ ಚೌಕಟ್ಟು ಅಲುಗಿದರೆ ಸಿಕ್ಕಿಬೀಳುತ್ತದೆ.

ಯಂತ್ರ ಓಡಿತು. ಹೊಟ್ಟು ಹಾರಿತು. ಮುಳ್ಳು ಚೂರೇ ಚೂರು ಅದುರಿ ತನ್ನ ಜಾಗದಲ್ಲೇ ನಿಂತಿತ್ತು. ಬಿಲ್ಲೆ ತೆಗೆದು ತಿರುಗಿಸಿ ಇಟ್ಟರೆ ಠ ಎಂದಿನಂತೆ ಒರಗಿತ್ತು.

ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. ಇನ್ನೇನು ತಿದ್ದಲಿ ಎಂದು ಯೋಚಿಸಿದರೆ ತಲೆಯೊಳಗೂ ಹೊಟ್ಟು ತುಂಬಿದಂತಿತ್ತು. ಅಡುಗೆಮನೆಯಲ್ಲಿ ತಟ್ಟೆ ಹಾಕುವ ಸದ್ದಾಯಿತು. ಅಪ್ಪ ನಡುಮನೆಯಲ್ಲಿ ಕನ್ನಡಕ ಹಾಕಿಕೊಂಡು ಹೆಡ್ಡಮ್ಮನ ನಂಬರು ಹುಡುಕುತ್ತಿದ್ದ. ಅಳು ಬರುವ ಹಾಗಿತ್ತು, ಬರಲಿಲ್ಲ. ಸಿಟ್ಟು ಅದಕ್ಕೂ ಜಾಗ ಬಿಟ್ಟಿರಲಿಲ್ಲ.

ಆಗ ಹಿತ್ತಲಲ್ಲಿ ಧಪ್ ಎಂದು ಸದ್ದಾಯಿತು. ಅಮ್ಮ ನೆನೆದ ದಪ್ಪ ಕಂಬಳಿಯನ್ನು ಹಗ್ಗಕ್ಕೆ ಎಸೆದಿದ್ದಳು. ಅದೇ ಕ್ಷಣ ನಿಂತ ಯಂತ್ರದ ಮೇಲೆ ಮುಳ್ಳು ಒಂದು ಪೂರ್ತಿ ಸುತ್ತು ಹೊಡೆಯಿತು.

ಅವಳು ಮುಳ್ಳನ್ನೇ ನೋಡಿದಳು. ಆಮೇಲೆ ಕಿಟಕಿಯತ್ತ ಕತ್ತು ಹೊರಳಿಸಿದಳು.

"ಅಮ್ಮ, ಆ ಕಂಬಳಿ ತೆಗಿ."

"ಈಗ ತಾನೇ ಹಾಕಿದೀನಿ."

"ತೆಗಿ."

ಅಮ್ಮ ಗೊಣಗುತ್ತ ತೆಗೆದಳು. ಮುಳ್ಳು ಹಿಂದಕ್ಕೆ ಬಂತು.

"ಈಗ ಹಾಕು."

"ನಾನೇನು ನಿನ್ನ ಕಾಲೇಜಿನ ಹುಡುಗೀನಾ? ಒಂದು ಮಣ ಭಾರ ಇದೆ ಇದು."

ಆದರೂ ಹಾಕಿದಳು. ಮುಳ್ಳು ಸುತ್ತಿತು.

ಕಿಟಕಿಯ ಸರಳು ಬಿಚ್ಚಿದ ದಿನ, ಅದಕ್ಕೆ ಕಟ್ಟಿದ್ದ ಬಟ್ಟೆಯ ಹಗ್ಗದ ತುದಿ ಅನಾಥವಾಗಿತ್ತು. ಬಟ್ಟೆ ಎಲ್ಲಿ ಒಣಗಿಸಲಿ ಎಂದು ಅಮ್ಮ ಕೇಳಿದ್ದಳು. ಕಿಟಕಿಯ ಒಳಗೇ ಯಂತ್ರದ ಗಟ್ಟಿ ಮೂಲೆ ಇತ್ತು. ಸದ್ಯಕ್ಕೆ ಅಂತ ಅಲ್ಲಿಗೆ ಕಟ್ಟಿದವಳು ಮಗಳೇ. ಭಾನುವಾರ ಮನೆಮಂದಿಯ ಬೆಡ್‌ಶೀಟೆಲ್ಲ ಒಗೆಯುವ ದಿನ. ಇವತ್ತೂ ಗೇಜು ಇಡುವ ಮೊದಲೇ ಅವು ಹಗ್ಗದ ಮೇಲಿದ್ದವು. ನೆನೆದ ಬಟ್ಟೆಯ ಭಾರಕ್ಕೆ ಚೌಕಟ್ಟು, ಬದಿಯಿಂದ ಒತ್ತಿದ ಖಾಲಿ ಬೆಂಕಿಪೊಟ್ಟಣದ ಹಾಗೆ, ಉದ್ದ ಅಗಲ ಕೆಡದೆ ಮೂಲೆಗಳಲ್ಲಿ ಮಾತ್ರ ವಾಲುತ್ತಿತ್ತು. ಒಣಗಿದ ಬಟ್ಟೆ ತೆಗೆದರೆ ಮತ್ತೆ ನೆಟ್ಟಗೆ. ಹಗ್ಗ ಜೋತದ್ದು ಮೂಲೆ ಹಗ್ಗದ ಕಡೆಗೆ ಬಾಗಿದ್ದರಿಂದ. ಹಾಗೆ ಜೋತಾಗಲೆಲ್ಲ ಅವಳೇ ಇನ್ನಷ್ಟು ಬಿಗಿದಿದ್ದಳು. ಏನಾದರೂ ತಾಗಿಕೊಂಡಿದೆಯೇ ನೋಡಿಕೋ. ಹುಡುಗಿಯರ ರಾಗ ಕಿವಿಯಲ್ಲಿ ಕೇಳಿಸಿತು. ನಗು ಬರಬೇಕಿತ್ತು, ತನ್ನ ಕೆನ್ನೆಗೆ ತಾನೇ ಒಂದು ಬಾರಿಸಿಕೊಳ್ಳಬೇಕು ಅನ್ನಿಸಿತು.

ಗಂಟು ಬಿಚ್ಚಲು ಕೂತಳು. ಒಂದರ ಮೇಲೊಂದು ಹಾಕಿದ ಗಂಟುಗಳು, ನೀರು ಕುಡಿದು ಕಲ್ಲಾಗಿದ್ದವು. ಉಗುರು ಮುರಿಯಿತು. ಕತ್ತರಿ ತಗೊಂಡಳು. ಕಿಟಕಿಯ ಹೊರಗಿಂದ ಅಮ್ಮ, ಅಷ್ಟುದ್ದದ ಹಗ್ಗ, ಕತ್ತರಿಸಿದರೆ ನೋಡು ಎಂದು ಗದರಿದಳು. ಈ ಗದ್ದಲಕ್ಕೆ ಅಪ್ಪ ಫೋನು ಕೈಯಲ್ಲಿ ಹಿಡಿದೇ ಬಂದ. ಮಗಳು ಕಾರಣ ಹೇಳಿದಳು. ಹೇಳುವಾಗ ಅವನ ಮುಖ ನೋಡಲಾಗಲಿಲ್ಲ. ಅಪ್ಪ ಮುಳ್ಳನ್ನು ನೋಡಿದ, ಹಗ್ಗವನ್ನು ನೋಡಿದ. ಫೋನನ್ನು ಬೀರುವಿನ ಮೇಲಿಟ್ಟ.

"ಸರಿ, ಆ ಕಡೆ ಹೋಗು."

ಎತ್ತರದ ಗೋಡೆಗಳ ಮೇಲೆ ಬೋರ್ಡು ಬರೆಯಲು ಅಟ್ಟಣಿಗೆ ಕಟ್ಟಿ ಬಿಚ್ಚಿ ಪಳಗಿದ ಕೈ ಅದು. ಹೊರಗೆ ಅಮ್ಮ ಕಂಬಳಿ ತೆಗೆದು, ಒಂದೊಂದಾಗಿ ಬೆಡ್‌ಶೀಟು ಇಳಿಸಿದಳು. ಅಪ್ಪ ಗಂಟನ್ನು ಎರಡೂ ಕೈಗಳಿಂದ ಹಿಡಿದು ಒಳಕ್ಕೆ ತಳ್ಳಿದ, ಹಿಂಡಿದ, ಮತ್ತೆ ತಳ್ಳಿದ. ಬಿಗಿಯಾಗಿ ಹಿಡಿದಾಗ ಬೆರಳು ನಡುಗಲಿಲ್ಲ. ಮೊದಲ ಗಂಟು ಸಡಿಲಿತು, ಆಮೇಲಿನವು ಒಂದರ ಹಿಂದೊಂದು. ಹಗ್ಗದ ತುದಿ ಕಿಟಕಿಯಿಂದ ಜಾರಿ ಹಿತ್ತಲಿಗೆ ಬಿತ್ತು. ಬಟ್ಟೆ ಇಳಿದಂತೆಲ್ಲ ಹಿಂದೆ ಸರಿಯುತ್ತಿದ್ದ ಮುಳ್ಳು ಎರಡು ಸುತ್ತು ಮುಗಿಸಿ ನಿಂತಿತು.

ಊಟ ಮುಚ್ಚಿಟ್ಟಲ್ಲೇ ಇತ್ತು. ಒದ್ದೆ ಬೆಡ್‌ಶೀಟುಗಳು ಬಾಗಿಲುಗಳ ಮೇಲೆ, ಸೋಫಾದ ಬೆನ್ನಿನ ಮೇಲೆ, ಇಟ್ಟಿಗೆಯ ಪಕ್ಕದವರೆಗೂ ಇಳಿಬಿದ್ದಿದ್ದವು. ಸರಳು ಇವತ್ತೇ ಕೂರಬೇಕು, ಸದ್ಯಕ್ಕೆ ಅನ್ನೋ ಮಾತು ಈ ಮನೇಲಿ ಇನ್ನು ಕೇಳಬಾರದು ಎಂದು ಅಮ್ಮ ಗೋಡೆಗಳಿಗೆ ಹೇಳುತ್ತ ಓಡಾಡಿದಳು. ಮಗಳು ಎಲ್ಲ ಅಳತೆ ಮತ್ತೆ ತೆಗೆದು, ಹೊಸ ಹಲಗೆ ಬಿಗಿದು, ಠ ಕತ್ತರಿಸಿದಳು.

ಯಂತ್ರ ನಿಂತ ಮೇಲೆ ಅವಳು ಬಿಲ್ಲೆಯನ್ನು ಮುಟ್ಟಲಿಲ್ಲ. ಅಪ್ಪ ಹೊಟ್ಟು ಊದಿ, ಬಿಡಿಸಿ, ಕಾಲು ಸುತ್ತು ತಿರುಗಿಸಿ ಇಟ್ಟ. ಸಂದು ಸುತ್ತಲೂ ಒಂದೇ ಗೆರೆ. ಅರ್ಧ ಸುತ್ತು ತಿರುಗಿಸಿದ. ಮತ್ತೆ ಇಷ್ಟು, ಮತ್ತೆ ಅಷ್ಟು. ಯಾವುದೋ ಒಂದು ಕಡೆ ಅದು ಸಿಕ್ಕಿಹಾಕಿಕೊಳ್ಳಲೇಬೇಕು ಎನ್ನುವಂತೆ. ಸಿಕ್ಕಿಹಾಕಿಕೊಳ್ಳಲಿಲ್ಲ.

ಹೊಗಳುವ ಅಭ್ಯಾಸ ಅವನಿಗಿಲ್ಲ. ಬಿಲ್ಲೆಯ ಅಂಚಿನ ಸುತ್ತ ಹೆಬ್ಬೆರಳು ಆಡಿಸಿದ. ಬೆರಳು ನಡುಗುತ್ತಿತ್ತು, ಅಂಚು ದುಂಡಗಿತ್ತು.

"ಏಣಿ ತಗೊಂಡ್ಬಾ. ಪಾ ಅಚ್ಚು ಸುರುಳಿಯೊಳಗೆ ಕೆಳಗಿದೆ, ನಿನಗೆ ಸಿಗಲ್ಲ. ನಾನೇ ಹತ್ತುತ್ತೀನಿ."

ಊಟ ಮಾಡಿ ಹತ್ತಿ ಅಂತ ಅಮ್ಮ ಅಂದದ್ದು ಅವನ ಕಿವಿಗೆ ಬೀಳಲಿಲ್ಲ. ಒದ್ದೆ ಬಟ್ಟೆಗಳ ನಡುವೆ ತಲೆ ಬಗ್ಗಿಸಿ ನುಸುಳಿ ಅಟ್ಟದ ಕಡೆ ನಡೆದ. ಮಗಳು ಏಣಿ ತಂದು ಗೋಡೆಗೆ ಆನಿಸಿ, ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದು ನಿಂತಳು. ಅದು ಸ್ವಲ್ಪ ವಾಲಿದೆ ಅನ್ನಿಸಿತು. ಇಳಿಸಿ, ಸರಿಮಾಡಿ, ಮತ್ತೆ ಹಿಡಿದಳು.