ಕಾವಿಗೆ ಕೂತ ಕೋಳಿ, ಬಿರುಕು ಬಿಟ್ಟ ಕಾರು

ಇವತ್ತಿನ ಬೆಳಗೂ ಎಲ್ಲ ದಿನದ ಬೆಳಗಿನಂತೆಯೇ ಇತ್ತು. ಫಿಲ್ಟರಿನ ತಲೆಗೆ ಎರಡು ಸಲ ತಟ್ಟಿದ ಮೇಲೆಯೇ ಡಿಕಾಕ್ಷನ್ ಇಳಿಯಿತು. ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಸೊಪ್ಪಿನವಳು ಬಾಗಿಲಲ್ಲಿ ಕೂಗಿದಳು. ರಂಗೋಲಿಯ ಕೊನೆಯ ಎಳೆ ಎಂದಿನಂತೆ ಸೊಟ್ಟಗಾಯಿತು. ತಿಂಡಿ ಮುಗಿದ ಮೇಲೆ ಅಡಿಗೆಮನೆಯ ಹಲಗೆಗೆ ಹೊಸ ಪೇಪರು ಹಾಸೋಣವೆಂದು ಹುಳಿಪುಡಿಯ ಡಬ್ಬ ಎತ್ತಿದೆ. ಹಳೆಯ ಪೇಪರಿನಡಿಯಿಂದ ಒಂದು ಪೋಸ್ಟ್ ಕಾರ್ಡು ಜಾರಿ ಕಾಲ ಮೇಲೆ ಬಿತ್ತು. ಅಂಚಿಗೆ ಎಣ್ಣೆ ಇಳಿದಿದೆ, ಇಂಗಿನ ವಾಸನೆ ಹಿಡಿದಿದೆ. ಅಕ್ಷರ ಮಾತ್ರ ದುಂಡಗೆ ಹಾಗೇ ಇದೆ.

"ಮೇಷ್ಟ್ರಿಗೆ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ತರುವಾಯ, ಕೋಳಿ ಇನ್ನೂ ಎದ್ದಿಲ್ಲ. ಎದ್ದ ತಕ್ಷಣ ಕಾಗದ ಹಾಕುತ್ತೇವೆ."

ನೀವು ನಗುತ್ತೀರಿ. ನಗಿ, ನಾನೂ ಡಬ್ಬ ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತು ನಕ್ಕೆ. ಮೊಟ್ಟೆಯ ಹೆಸರೆತ್ತಿದರೆ ನಮ್ಮ ಅತ್ತೆ ಬಾಯಿ ಮುಕ್ಕಳಿಸಿ ಬರುತ್ತಿದ್ದ ಮನೆ ಇದು. ಅಂಥ ಮನೆಗೆ ಶೀಳನೆರೆ ಎಂಬ ಹಳ್ಳಿಯಿಂದ ಒಂದು ಕೋಳಿಯ ಕ್ಷೇಮಸಮಾಚಾರ ಹೊತ್ತು ಅಂಚೆ ಬರುತ್ತಿತ್ತು. ಬರುವುದು ಎರಡು ದಿನ ತಡವಾದರೆ ನಾವೆಲ್ಲ ಬಾಗಿಲು ನೋಡುತ್ತಿದ್ದೆವು.

ಅದಕ್ಕೆಲ್ಲ ಕಾರಣ ಮಾವನವರ ಕಾರು. ತೊಂಬತ್ತರ ದಶಕದ ನಡುವಿನ ಮಾತು. ಮಾವ ಹೈಸ್ಕೂಲು ಹೆಡ್‌ಮಾಸ್ಟರಾಗಿ ನಿವೃತ್ತರಾಗಿದ್ದರು. ಬದನೆಕಾಯಿ ಬಣ್ಣದ, ಗುಂಡು ಬೆನ್ನಿನ ಆ ವಿಲಾಯಿತಿ ಕಾರು ಅವರ ಹರೆಯದಲ್ಲಿ ಬಂದದ್ದು. ಶ್ರೀರಂಗಪಟ್ಟಣದ ನಮ್ಮ ಬೀದಿಯಲ್ಲಿ ಅದಕ್ಕೆ ಮೇಷ್ಟ್ರ ಕಾರು ಎಂದೇ ಹೆಸರು. ಇಷ್ಟು ವರ್ಷ ಓಡಿಸಿದರೂ ಒಂದು ಗೀರೂ ಬಿದ್ದಿಲ್ಲ ಎನ್ನುವುದು ಅವರ ಒಂದೇ ಒಂದು ಜಂಬ. ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಕಸೂತಿಯನ್ನೂ ಇಂಗ್ಲಿಷ್ ಪ್ರಾರ್ಥನೆಯನ್ನೂ ಕಲಿತು ಸೊಸೆಯಾಗಿ ಬಂದ ನನ್ನನ್ನು ನಾಲೆ ಏರಿಯ ಮೇಲೆ ಕೂರಿಸಿಕೊಂಡು ಹೋಗಿ ಕಾರು ಕಲಿಸಿದವರೂ ಅವರೇ. "ಕ್ಲಚ್ಚು ಅಂದರೆ ಮಜ್ಜಿಗೆ ಕಡೆದ ಹಾಗಮ್ಮ, ಅವಸರ ಮಾಡಬಾರದು," ಎನ್ನುತ್ತಿದ್ದರು. ಮಜ್ಜಿಗೆಯನ್ನೂ ನಾನು ಅವಸರದಲ್ಲೇ ಕಡೆಯುತ್ತಿದ್ದೆ ಎಂಬುದು ಅವರಿಗೆ ತಿಳಿದಿರಲಿಲ್ಲ.

ಆಗ ನಮ್ಮ ಬೀದಿಗೆ ರುಬ್ಬುವ ಗ್ರೈಂಡರುಗಳು ಬಂದ ಹೊಸತು. ಮನೆಮನೆಯ ಒರಳುಕಲ್ಲುಗಳು ಹೊರಗೆ ಬಂದು ಕೂತಿದ್ದವು. ಲಕ್ಷ್ಮಿ ಎಂದು ಬಿಸಾಡುವಂತಿಲ್ಲ, ಒಳಗಿಟ್ಟುಕೊಳ್ಳಲು ಜಾಗವಿಲ್ಲ. ಪಕ್ಕದ ಮನೆ ಜಯಮ್ಮನವರ ಒರಳು ಬೀದಿ ತಿರುಗುವ ಮೂಲೆಯಲ್ಲೇ ಇತ್ತು. ಲೈಸೆನ್ಸು ಬಂದ ಹದಿನೈದನೆಯ ದಿನ, ತರಕಾರಿ ತಂದು ಒಬ್ಬಳೇ ಮರಳುವಾಗ, ಆ ಮೂಲೆಯನ್ನು ನಾನು ಕೊಂಚ ಹತ್ತಿರದಿಂದ ತಿರುಗಿಸಿದೆ. ಗುಡುಂ ಎಂದಿತು. ಹಿಂದಿನ ಸೀಟಿನಿಂದ ಮಂಗಳೂರು ಸೌತೆಕಾಯಿ ಉರುಳಿ ನನ್ನ ಕಾಲಬುಡಕ್ಕೆ ಬಂತು. ಇಳಿದು ನೋಡಿದೆ, ಹೊರಗೆಲ್ಲೂ ಏನೂ ಆಗಿರಲಿಲ್ಲ. ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಯಾರಿಗೂ ಹೇಳಲಿಲ್ಲ.

ಮೂರು ದಿನಕ್ಕೆ ಕಾರು ಎಡಕ್ಕೆ ಎಳೆಯತೊಡಗಿತು, ಕಿರ್ರೆಂದು ಗೊಣಗತೊಡಗಿತು. ಬಾಬುರಾಯನಕೊಪ್ಪಲಿನ ಮೆಕ್ಯಾನಿಕ್ ರಹಮತ್ ಬಂದು ಅಡಿಯಲ್ಲಿ ತೂರಿದ. ಕಾಲು ಮಾತ್ರ ಹೊರಗೆ. ಆ ಕಾಲುಗಳೇ ಮಾತಾಡಿದಂತೆ ದನಿ ಬಂತು. "ಅರೆ ಸಾರ್, ಮಣೆ ಬಿರುಕು ಬಿಟ್ಟೈತೆ!"

ಮಣೆ ಎಂದರೆ ಎಂಜಿನ್ನು ಕೂರುವ ಕಬ್ಬಿಣದ ಚೌಕಟ್ಟು. ಕಾರಿನ ಪುಸ್ತಕದಲ್ಲಿ ಅದಕ್ಕೆ ಸಬ್‌ಫ್ರೇಮು. ಅದರ ಮೇಲೆ ಎಂಜಿನ್ನು ಮದುಮಗನ ಹಾಗೆ ಕೂತಿರುತ್ತದೆ, ಮುಂದಿನ ಚಕ್ರಗಳೂ ಅದಕ್ಕೇ ಕಟ್ಟುಬಿದ್ದಿರುತ್ತವೆ. ಮಾವ ಪಂಚೆ ಎತ್ತಿ ಕಟ್ಟಿ, ಟಾರ್ಚು ಹಿಡಿದು ನೆಲಕ್ಕೆ ಕೆನ್ನೆ ತಾಗಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಹೆಗಲ ಮೇಲಿನ ಟವೆಲ್ಲಿನಿಂದ ಅಲ್ಲೇನನ್ನೋ ಒರೆಸಿದರು. ಎಣ್ಣೆ ಇರಬೇಕೆಂದುಕೊಂಡೆ.

ಮಧ್ಯಾಹ್ನ ಊಟಕ್ಕೆ ಕೂತಾಗ ನಮ್ಮವರು ತೀರ್ಪು ಕೊಟ್ಟರು. "ಯಾರ ಕೈಯಲ್ಲಿ ಒಡೀತೋ ಅವರು ಇನ್ನು ಸ್ಟೀರಿಂಗ್ ಮುಟ್ಟೋದು ಬೇಡ. ಇವತ್ತು ಮಣೆ, ನಾಳೆ ಮಂಡೆ." ಅತ್ತೆಯೂ ಹೌದೆಂದರು. ನಾನು ಹುಳಿಯ ಸೌಟು ಹಿಡಿದು ನಿಂತಿದ್ದೆ. ತಪ್ಪನ್ನು ಒಪ್ಪಿಕೊಂಡರೆ ಅರ್ಧ ಪಾಪ ಕಳೆಯುತ್ತದೆ ಎಂದು ಕಾನ್ವೆಂಟಿನ ಸಿಸ್ಟರು ಹೇಳುತ್ತಿದ್ದರು. ಉಳಿದರ್ಧವನ್ನು ಅತ್ತೆಯ ಮುಂದೆ ಏನು ಮಾಡಬೇಕೆಂದು ಹೇಳಿರಲಿಲ್ಲ. ಅಷ್ಟರಲ್ಲಿ ಮಾವ, "ನನ್ನ ಕೈಯಲ್ಲೇ ಕಣಯ್ಯ. ಪಾಂಡವಪುರದ ರೈಲ್ವೆ ಗೇಟಿನ ಹತ್ತಿರ ಹಂಪು ಕಾಣಲಿಲ್ಲ," ಎಂದು ಅನ್ನದಲ್ಲಿ ಗುಳಿ ಮಾಡಿಕೊಂಡು, "ಹುಳಿ ಹಾಕಮ್ಮ," ಎಂದರು.

ಹುಳಿ ಹಾಕಿದೆ.

ಇನ್ನು ಉಳಿದದ್ದು ಮಣೆಯ ಪ್ರಶ್ನೆ. ಬೆಸುಗೆ ಹಾಕಿಸುವುದೋ, ಬೇರೆಯದನ್ನೇ ಹಾಕಿಸುವುದೋ? ಕಾರಿನ ಪುಸ್ತಕವನ್ನು ರಹಮತ್ತನಿಗೆ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮದುವೆಯಾದ ಮೇಲೆ ನನ್ನ ಕಾನ್ವೆಂಟ್ ಇಂಗ್ಲಿಷು ಮನೆಗೆ ಒದಗಿದ್ದು ಅದೊಂದೇ ಸಲ. ಆಗಲೂ ಪ್ರಾಮಾಣಿಕವಾಗಿ ಒದಗಲಿಲ್ಲ. ಕಲ್ಲಿಗೆ ಬಡಿದರೆ ಹೀಗೆ ಬಿರುಕು ಬಿಡುತ್ತದೆ ಎಂಬ ಸಾಲನ್ನು ಹಾರಿಸಿ ಓದಿದೆ.

ಮಾವ ನಾಲ್ಕು ಜನರ ಅಭಿಪ್ರಾಯ ಕೇಳದೆ ಕೊಡೆಯನ್ನೂ ಕೊಳ್ಳುತ್ತಿರಲಿಲ್ಲ. ಪಾಂಡವಪುರದ ಬೆಸುಗೆ ಅಂಗಡಿಯ ನಿಂಗಾಚಾರಿ ಎದೆ ತಟ್ಟಿಕೊಂಡ. "ಮೇಷ್ಟ್ರೇ, ನಾನ್ ಬೆಸ್ಗೆ ಆಕಿದ್ ಕಬ್ಬಿನ ಟ್ರೈಲರು ನಾಲೆಗೆ ಬಿದ್ದೋಯ್ತು. ಟ್ರಾಕ್ಟ್ರು ನುಜ್ಜುಗುಜ್ಜು. ಬೆಸ್ಗೆ ಮಾತ್ರ ಅಂಗೇ ಇತ್ತು!"

"ಓಡಿಸುತ್ತಿದ್ದವನು?"

"ಚೆನ್ನಾಗವ್ನೆ ಬುಡಿ. ಒಸಿ ಕುಂಟ್ತಾನೆ, ಅಷ್ಟೆಯ."

ನಾಗಮಂಗಲದಲ್ಲಿ ಹಿತ್ತಾಳೆ ವ್ಯಾಪಾರ ಮಾಡಿಕೊಂಡಿದ್ದ ಅತ್ತೆಯ ಅಣ್ಣ, "ಸೀಳಿದ ಗಂಟೆಗೆ ಬೆಸುಗೆ ಹಾಕಿದರೆ ನಾದ ಹೋಗುತ್ತೆ ಭಾವ. ಕರಗಿಸಿ ಹೊಸದಾಗಿ ಎರಕ ಹೊಯ್ಯಿಸಿ," ಎಂದರು. ಕಾರಿಗೆ ನಾದ ಯಾಕೆಂದು ಮಾವ ಕೇಳಿದ್ದಕ್ಕೆ ಅವರು ಎರಡು ವಾರ ಮುನಿಸಿಕೊಂಡರು.

ಆಗ ರಹಮತ್ತನೇ ಸುದ್ದಿ ತಂದ. ಕೆ.ಆರ್. ಪೇಟೆಯ ಆಚೆ ಶೀಳನೆರೆಯಲ್ಲಿ ಪುಟ್ಟಸ್ವಾಮಿಗೌಡರೆಂಬವರ ಮನೆಯಲ್ಲಿ ಇದೇ ಜಾತಿಯ ಕಾರು ಸತ್ತು ಬಿದ್ದಿದೆ. ಎಂಜಿನ್ನನ್ನು ಬಾವಿಯ ಪಂಪಿಗೆ ಹಾಕಿಕೊಂಡಿದ್ದಾರೆ, ಮಣೆ ಹಾಗೇ ಇದೆ. ಮಾವ, ನಾನು, ರಹಮತ್ ಬಸ್ಸು ಹತ್ತಿದೆವು. ನನ್ನನ್ನು ಕರೆದೊಯ್ದದ್ದು ಪುಸ್ತಕ ಓದಲು. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಬೇರೆ ಮಣೆ ಹಾಕಿದರೆ ಹಳೆಯದು ಹೊರಗೆ ಬರುತ್ತದೆ, ಜಗಲಿಯ ಮೇಲೆ ಪ್ರದರ್ಶನಕ್ಕೆ ಕೂರುತ್ತದೆ. ಕಲ್ಲಿನ ಪೆಟ್ಟಿಗೂ ಹಂಪಿನ ಪೆಟ್ಟಿಗೂ ವ್ಯತ್ಯಾಸ ಕಾಣದ ಕುರುಡರು ನಮ್ಮ ಬೀದಿಯಲ್ಲಿಲ್ಲ.

ಕೊಟ್ಟಿಗೆಯ ಪಕ್ಕದಲ್ಲಿ ಕಾರಿತ್ತು. ರಹಮತ್ ಬಾನೆಟ್ಟು ಎತ್ತಿದ. ಎಂಜಿನ್ನಿರಬೇಕಾದ ಜಾಗದಲ್ಲಿ, ಮಣೆಯ ಮೇಲೆ ಹುಲ್ಲು ಹಾಸಿಕೊಂಡು ಒಂದು ಕೆಂಚು ಕೋಳಿ ನಮ್ಮನ್ನು ದುರುಗುಟ್ಟಿ ನೋಡಿತು.

"ಅಯ್ಯೋ, ಕೈ ಆಕ್ಬೇಡಿ ಸ್ವಾಮಿ!" ಗೌಡರ ಹೆಂಡತಿ ಚಿಕ್ಕತಾಯಮ್ಮ ಕೈಯ ಹಿಟ್ಟು ಕೂಡ ತೊಳೆಯದೆ ಓಡಿಬಂದರು. "ಕಾವಿಗ್ ಕುಂತದೆ. ಈಗ ಎಬ್ಬುಸುದ್ರೆ ಮೊಟ್ಟೆ ಎಲ್ಲಾ ಕೆಟ್ಟೋಯ್ತವೆ."

"ಲೇ, ಎತ್ತಿ ಆ ಮಂಕರೀಲಿ ಕುಂಡ್ರುಸೆ," ಎಂದರು ಗೌಡರು.

"ನಿನ್ನ ಎತ್ತಿ ಇನ್ನೊಬ್ರ ಮನೇಲಿ ಕುಂಡ್ರುಸ್ಲಾ? ಕುಂತ್ಕತೀಯಾ?"

ಗೌಡರು ಬೀಡಿ ಹುಡುಕುವ ನೆಪದಲ್ಲಿ ಒಳಗೆ ಹೋದರು. ಮಾವ ಕೈ ಮುಗಿದುಕೊಂಡೇ ಕೇಳಿದರು. "ಎಷ್ಟು ದಿನ ತಾಯಿ?"

"ಮೂರ್ ವಾರ. ನೆನ್ನೆ ಕುಂತದೆ."

"ಹಾಗಾದರೆ ಕಾಯೋಣ. ಬಾಣಂತಿ ಕೋಣೆಗೆ ನುಗ್ಗಿದ ಹಾಗಾಗಬಾರದು," ಎಂದ ಮಾವ, ರಹಮತ್ತನ ಮುಖ ನೋಡದೆ ಹಿಂದಿರುಗಿದರು.

ಹೀಗೆ ಪತ್ರವ್ಯವಹಾರ ಶುರುವಾಯಿತು. "ಮಳೆ ಬಂದರೆ ದಯವಿಟ್ಟು ಬಾನೆಟ್ಟು ಮುಚ್ಚುವುದು, ಗಾಳಿಗೆ ಸಂದು ಬಿಡುವುದು," ಎಂದು ಮಾವ ಬರೆಯುವರು. ಗೌಡರು ಉತ್ತರಿಸುವರು. ಅತ್ತೆ ಜಪಮಣಿ ಎಣಿಸುತ್ತಲೇ, "ಅದಕ್ಕೆ ಎದ್ದು ಮೇಯಕ್ಕಾದರೂ ಬಿಡ್ತಾರಂತೋ?" ಎಂದು ಮೆಲ್ಲಗೆ ಕೇಳುವರು. ಮಾವ ಬಟ್ಟೆ ಚೀಲ ಹಿಡಿದು ನಡೆದೇ ಪೇಟೆಗೆ ಹೋಗುವುದನ್ನು ನಾನು ಕಿಟಕಿಯಿಂದ ನೋಡುವೆ. ದಿನಕ್ಕೊಂದು ಸಲ ಹೇಳಿಬಿಡಬೇಕೆಂದು ಹೊರಡುವೆ, ಕಾಫಿ ಕೊಟ್ಟು ಹಿಂದಿರುಗುವೆ. ಆ ಕೋಳಿ ಏಳದೇ ಇರಲಿ ಎಂದು ನಾನು ದೇವರ ಮುಂದೆ ಬೇಡಿಕೊಂಡದ್ದೂ ಉಂಟು. ಈ ನಡುವೆ ಮೂಲೆಯ ಒರಳುಕಲ್ಲು ಒಂದು ದಿನ ಮಾಯವಾಗಿತ್ತು. ಸಾಕ್ಷಿಯೇ ಹೋಯಿತು, ದೇವರು ದೊಡ್ಡವನು ಎಂದುಕೊಂಡೆ.

ಕೊನೆಗೆ ಕಾಗದ ಬಂತು. "ಹನ್ನೊಂದು ಮೊಟ್ಟೆಯಲ್ಲಿ ಒಂಬತ್ತು ಮರಿ ಎದ್ದಿವೆ. ಬರುವುದು." ನಾವು ಹೊರಟಾಗ ಅತ್ತೆ ಒಂದು ಪೊಟ್ಟಣ ತಂದು ನನ್ನ ಕೈಗಿಟ್ಟರು. ಅಕ್ಕಿನುಚ್ಚು. "ಬಾಣಂತಿ ಇರೋ ಮನೆಗೆ ಬರಿಗೈಲಿ ಹೋಗಬಾರದು," ಎಂದು ಮುಖ ಆಚೆ ತಿರುಗಿಸಿದರು.

ಮರಿಗಳು ನುಚ್ಚು ತಿನ್ನುತ್ತಿರುವಾಗ ರಹಮತ್ ಹುಲ್ಲು ಸರಿಸಿ, ಸ್ಕ್ರೂಡ್ರೈವರಿನಿಂದ ಮಣೆಯನ್ನು ಕುಟ್ಟಿದ. ಸ್ಕ್ರೂಡ್ರೈವರು ಆ ಕಡೆಯಿಂದ ಹೊರಬಂತು. ವರ್ಷಗಟ್ಟಲೆ ಕೋಳಿ ಹಿಕ್ಕೆ ಬಿದ್ದು ಕಬ್ಬಿಣವೆಲ್ಲ ತುಕ್ಕು ತಿಂದಿತ್ತು.

"ಸಾರ್, ಇದು ಮಣೆ ಅಲ್ಲ, ಹಪ್ಪಳ."

"ಯಾಕೆ, ಕೋಳಿಗ್ ಗಟ್ಟಿಯಾಗೇ ಇತ್ತಲ್ಲ!" ಎಂದರು ಚಿಕ್ಕತಾಯಮ್ಮ.

ಬಸ್ಸಿನಲ್ಲಿ ಮಾವ ಹೇಳಿದರು. "ಬೆಸುಗೆಯೇ ಸರಿಯಮ್ಮ. ಹಳೇದು ಒಳಗೇ ಇರಲಿ. ಹೊರಗೆ ತೆಗೆದರೆ ನಾಲ್ಕು ಜನ ನೋಡುತ್ತಾರೆ, ನಾಲ್ಕು ಮಾತಾಡುತ್ತಾರೆ." ಪಾಪ, ತಮ್ಮ ಮಾನದ ಚಿಂತೆ ಎಂದುಕೊಂಡೆ. "ಮಾವ, ನಿಮಗೊಂದು ಮಾತು..." ಎಂದೆ.

"ಕಿಟಕಿ ಮುಚ್ಚಮ್ಮ, ಧೂಳು," ಎಂದರು.

ನಿಂಗಾಚಾರಿ ಎರಡೂ ಕಡೆ ಪಟ್ಟಿ ಇಟ್ಟು ಬೆಸುಗೆ ಹಾಕಿದ. ಕಾರು ಮನೆಗೆ ಬಂದ ದಿನ ಮಾವ ಬೀಗದ ಕೈ ತಂದು ನನ್ನ ಅಂಗೈಯಲ್ಲಿಟ್ಟರು. "ಮನೆಯ ತೀರ್ಪು ತೀರ್ಪೇ. ಒಡೆದವನು ನಾನು, ಇನ್ನು ಓಡಿಸುವವಳು ನೀನು." ಅಲ್ಲಿಂದ ಮುಂದೆ ಏಳೆಂಟು ವರ್ಷ ಅವರು ಎಡಗಡೆ ಸೀಟಿನಲ್ಲಿ ಕೂತು, ಇಲ್ಲದ ಬ್ರೇಕನ್ನು ಬಲಗಾಲಿನಲ್ಲಿ ತುಳಿಯುತ್ತಿದ್ದರು. ಅತ್ತೆಯನ್ನು ಆಸ್ಪತ್ರೆಗೆ, ಮಕ್ಕಳನ್ನು ಶಾಲೆಗೆ, ಕೊನೆಗೆ ಮಾವನನ್ನೇ ಕಣ್ಣಿನ ಡಾಕ್ಟರ ಹತ್ತಿರಕ್ಕೆ ನಾನೇ ಕರೆದೊಯ್ದೆ. ಆ ಮೂಲೆ ಬಂದಾಗಲೆಲ್ಲ, ಒಬ್ಬ ಮರ್ಯಾದಸ್ಥರ ಕೈಯಿಂದ ಸ್ಟೀರಿಂಗ್ ಕಿತ್ತುಕೊಂಡವಳು ನಾನು ಎಂದು ಕಿವಿಯಲ್ಲಿ ಗುಡುಂ ಎನ್ನುತ್ತಿತ್ತು. ಮಾವ ಹೋದರು. ಕಾರೂ ಹೋಯಿತು. ಹೇಳಬೇಕಾದ ಮಾತು ಮಾತ್ರ ಹುಳಿಪುಡಿ ಡಬ್ಬದ ಕೆಳಗೆ ಹಾಸಿದಂತೆ ಉಳಿಯಿತು.

ಸಂಜೆ ಜಯಮ್ಮ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದರು. ಅವರಿಗೂ ಈಗ ಮಂಡಿ ನೋವು, ಹೊಸ್ತಿಲು ಹಿಡಿದೇ ಒಳಗೆ ಬರುತ್ತಾರೆ. ನಗಲಿ ಎಂದು ಕಾರ್ಡು ಓದಿ ಹೇಳಿದೆ. ನಕ್ಕರು. ನಾನು ಮೊಸರಿನ ಪಾತ್ರೆ ತೆಗೆದು ಅವರ ಬಟ್ಟಲಿಗೆ ಬಗ್ಗಿಸಿದೆ.

"ಓ, ಆ ಕಾರಾ! ಅದ್ಕೇ ಅಲ್ವಾ ನಾವು ಒರಳು ಒಳಕ್ಕೆ ಉಳ್ಳುಸ್ಕೊಂಡಿದ್ದು. ಮೇಷ್ಟ್ರು ಬಂದು, 'ಜಯಮ್ಮ, ಇದನ್ನ ಒಳಗಿಟ್ಕೊಳ್ಳಿ. ನಮ್ಮ ಹುಡುಗಿಗೆ ತಿರುವಿನ ಅಂದಾಜು ಇನ್ನೂ ಸಿಕ್ಕಿಲ್ಲ. ನಾನು ಹೇಳಿದೆ ಅಂತ ಮಾತ್ರ ಹೇಳಬೇಡಿ' ಅಂದಿದ್ರು. ಸಾಕು ಬುಡಿ, ಏನ್ ಅಷ್ಟೊಂದು ಸುರೀತಿದೀರಾ? ಹೆಪ್ಪಿಗೆ ಒಂದ್ ಚಮಚ ಆದ್ರೆ ಆಯ್ತು."