ಹೆಜ್ಜೆ ಕಾಯುವ ಬ್ರೇಕಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಮೂರನೆಯ ಮಹಡಿಯ ಕಾರಿಡಾರಿನಲ್ಲಿ ದಪ್ಪ ಮೈಯ ಹೆಂಗಸೊಬ್ಬರು ಬೆಕ್ಕಿನಂತೆ ಹೆಜ್ಜೆಯಿಡುತ್ತಿದ್ದಾರೆ. ಎದುರಿಗೆ ತಿಂಡಿಯ ಗಾಡಿ ಗಡಗಡ ಬರುತ್ತದೆ.

“ತಳ್ಳಬೇಡಪ್ಪಾ, ಎತ್ಕೊಂಡು ಹೋಗು.”

“ಗಾಡೀನಾ ಅಕ್ಕಾ?”

“ಗಾಡಿ ಆಗ್ದಿದ್ರೆ ತಟ್ಟೆ!”

ಬಾತುಕೊಂಡ ಕೈಕಾಲುಗಳ ಶಸ್ತ್ರಚಿಕಿತ್ಸೆಗೆಂದು ಹೊಸ ವಿಭಾಗ ತೆರೆದಾಗ ಜಾಗ ಸಿಕ್ಕಿದ್ದು ಈ ಹಳೆಯ ಮಹಡಿಯಲ್ಲೇ. ಬಾವಿನ ನೀರು ಹರಿದುಹೋಗಲೆಂದು ಕೂದಲೆಳೆಯಂಥ ದುಗ್ಧರಸ ನಾಳವನ್ನು ಸೂಕ್ಷ್ಮದರ್ಶಕದಡಿ ರಕ್ತನಾಳಕ್ಕೆ ಹೊಲಿಯುವ ಕೆಲಸ. ಹೊರಗೆ ಯಾರಾದರೂ ಧಡಧಡ ನಡೆದರೆ ನೆಲ ಅದುರಿ ಒಳಗೆ ನಾಳ ಕುಣಿಯುತ್ತದೆ. ಅಲ್ಲೇ ಕಸ ಗುಡಿಸುತ್ತಿದ್ದ ಈಕೆಯನ್ನು ಕಾವಲಿಗೆ ನಿಲ್ಲಿಸಿದರು. ಅಂದಿನಿಂದ ಎಲ್ಲರಿಗೂ ಬ್ರೇಕಕ್ಕ.

ಕಳೆದ ತಿಂಗಳು ಒಳಗೆ ಮಲಗಿದ್ದವರು ಅವರ ಸ್ವಂತ ನಾದಿನಿ. ಕಸುಬಿನಲ್ಲಿ ದರ್ಜಿ. ಕ್ಯಾನ್ಸರಿಗೆ ಸ್ತನ ತೆಗೆದ ಮೇಲೆ ಬಲಗೈ ಬಾತು, ಕತ್ತರಿಯ ಹಿಡಿಯಲ್ಲಿ ಹೆಬ್ಬೆರಳು ತೂರದೆ, ಅಂಗಡಿಗೆ ಬೀಗ ಬಿದ್ದಿತ್ತು. ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಆಸ್ಪತ್ರೆಯ ನಿರ್ದೇಶಕರು ಅತಿಥಿಗಳೊಂದಿಗೆ ಬೂಟು ಟಪಟಪಿಸುತ್ತಾ ಬರಬೇಕೆ!

“ನಿಲ್ರೀ ಸಾರ್! ನಮ್ಮ ನಾದಿನಿ ಕೈ ಒಳಗಿದೆ. ಬೂಟು ಬಿಚ್ಚಿ, ಇಲ್ಲಾ ಹಾರ್ಕೊಂಡು ಹೋಗಿ.”

ದೊಡ್ಡ ಮನುಷ್ಯರೆಲ್ಲ ಬೂಟು ಕೈಯಲ್ಲಿ ಹಿಡಿದು ತುದಿಗಾಲಲ್ಲಿ ಸಾಲುಗಟ್ಟಿದರು. ಅಷ್ಟರಲ್ಲಿ ಬಾಗಿಲು ತೆರೆದು ನರ್ಸ್ ಇಣುಕಿದರು.

“ಯಾರೂ ನಡೆದಿಲ್ಲ ತಾಯಿ, ಇರುವೆಗೂ ಚಪ್ಪಲಿ ಬಿಚ್ಚಿಸಿದೀನಿ!”

“ನಡಿಗೆಯಲ್ಲ ಅಕ್ಕಾ, ನಿಮ್ಮ ಗಂಟಲು! ಮರಗಟ್ಟಿಸಿರೋದು ಕೈ ಮಾತ್ರ, ಅವರಿಗೆ ಎಚ್ಚರ ಇದೆ. ನಿಮ್ಮ ಮಾತು ಕೇಳಿ ನಗ್ತಿದಾರೆ, ಮೈಯೆಲ್ಲಾ ಅಲುಗ್ತಿದೆ. ಡಾಕ್ಟ್ರು ಸೂಜಿ ಎತ್ತಿ ಕೂತಿದಾರೆ.”

ಒಳಗಿಂದ ನಾದಿನಿಯ ದನಿ: “ಇವಳ ಬಾಯಿ ದೊಡ್ಡದು ಅಂತ ಮದುವೆ ದಿನದಿಂದ ಹೇಳ್ತಿದೀನಿ ಡಾಕ್ಟ್ರೇ, ಮನೇಲಿ ಯಾರೂ ಕೇಳಲಿಲ್ಲ!”

ಬ್ರೇಕಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡರು. ಸಂಜೆಯವರೆಗೂ ಬರೀ ಕೈಸನ್ನೆ. “ಅವಳ ಅನ್ನದ ಕೈ. ನನ್ನ ಬಾಯಿಂದ ಅದಕ್ಕೇನಾದ್ರೂ ಆಗಿದ್ರೆ ದೇವರಿಗೆ ಯಾವ ಮುಖ ತೋರಿಸ್ತಿದ್ದೆ?” ಎಂದು ಈಗ ಹೇಳುವಾಗಲೂ ಕಣ್ಣಂಚು ಒದ್ದೆ.

ಬಾವು ಈಗ ಇಳಿಯುತ್ತಿದೆ. ಹೆಬ್ಬೆರಳು ಕತ್ತರಿಯೊಳಗೆ ಹೋಗುತ್ತದೆ. ನಾದಿನಿ ಮೊದಲು ಹೊಲಿದದ್ದು ಅತ್ತಿಗೆಗೆ ದಪ್ಪ ಬಟ್ಟೆಯ ಕಾಲುಚೀಲ, ಸದ್ದಾಗದಿರಲೆಂದು. ಒಂದು ಬಿಗಿ, ಒಂದು ಸಡಿಲ. ಎರಡನ್ನೂ ಹಾಕಿಕೊಂಡೇ ಅವರು ಕೆಲಸಕ್ಕೆ ಬರುತ್ತಾರೆ.

ಏನಾದರೂ ಆಸೆಯಿದೆಯೇ ಎಂದು ಕೇಳಿದರೆ, ಅತ್ತಿತ್ತ ನೋಡಿ ಪಿಸುಗುಟ್ಟುತ್ತಾರೆ. ಕಾರಿಡಾರಿನ ಆ ತುದಿಯವರೂ ತಿರುಗಿ ನೋಡುತ್ತಾರೆ.

“ಈ ವಿಭಾಗ ನೆಲಮಹಡಿಗೆ ಹೋಗ್ಲಿ. ಅವತ್ತು ನಾದಿನೀನ ಕರ್ಕೊಂಬಂದು, ಇಲ್ಲಿ ಒಂದೇ ಒಂದ್ಸಲ ಇಬ್ರೂ ಧಡಧಡ ಓಡಾಡ್ಬೇಕು.”