ಅತ್ತೆಗೊಂದು ಟಾರ್ಚ್

ಟಾರ್ಚ್ ತಯಾರಿಸುವವರೆಲ್ಲ ಗಂಡಸರೇ ಇರಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಪ್ರತಿಯೊಬ್ಬರಿಗೂ ಪ್ಯಾಂಟಿನ ಕಿಸೆ ಇರುತ್ತದೆ, ಒಂದು ಕೈ ಯಾವಾಗಲೂ ಖಾಲಿ ಇರುತ್ತದೆ ಎಂದು ನಂಬಿಕೊಂಡೇ ಅವರು ಅದನ್ನು ಮಾಡುತ್ತಾರೆ. ಒಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿ, ಇನ್ನೊಂದರಲ್ಲಿ ಮೆಟ್ಟಿಲಿನ ರೇಲಿಂಗ್ ಹಿಡಿದು, ಹೆಗಲಿಗೆ ಚೀಲ ಹಾಕಿಕೊಂಡು ಕತ್ತಲಲ್ಲಿ ಮೂರು ಮಹಡಿ ಇಳಿಯುವ ಎಪ್ಪತ್ತು ದಾಟಿದ ಹೆಂಗಸು ಅವರ ಕಣ್ಣಿಗೆ ಬಿದ್ದೇ ಇಲ್ಲ. ಬಿದ್ದಿದ್ದರೆ ನನಗೆ ಒಂದು ವರ್ಷದ ಓಡಾಟ ಉಳಿಯುತ್ತಿತ್ತು.

ಆಗ ನಾವು ಡೊಂಬಿವಲಿ ಪೂರ್ವದಲ್ಲಿ, ಲಿಫ್ಟ್ ಇಲ್ಲದ ಹಳೆಯ ಸೊಸೈಟಿಯೊಂದರ ಮೂರನೆಯ ಮಹಡಿಯಲ್ಲಿದ್ದೆವು. ಎರಡು ಸಾವಿರದ ಏಳು ಎಂಟರ ಸುಮಾರು. ಲೋಡ್ ಶೆಡ್ಡಿಂಗ್ ಜೋರಾಗಿದ್ದ ಕಾಲ. ನಾನು ಕೆಲಸ ಮಾಡುತ್ತಿದ್ದ ಬೇಲಾಪುರದಲ್ಲಿ ಕರೆಂಟು ಹೋಗುವುದೇ ಅಪರೂಪ. ಸಂಜೆ ಥಾಣೆಯಲ್ಲಿ ಲೋಕಲ್ ರೈಲು ಬದಲಿಸಿ ಡೊಂಬಿವಲಿಯಲ್ಲಿ ಇಳಿದರೆ ಇಡೀ ಊರು ಕತ್ತಲೆ. ರಸ್ತೆಯನ್ನು ಯಾರೋ ಯಾವುದಕ್ಕೋ ಅಗೆದಿರುತ್ತಿದ್ದರು, ಗಟಾರದ ಮುಚ್ಚಳ ಇದ್ದ ಕಡೆ ಇಲ್ಲ, ಇಲ್ಲದ ಕಡೆ ಇದೆ. ಹೀಗಾಗಿ ನಮ್ಮ ಮನೆಯಲ್ಲಿ ಚಪ್ಪಲಿ ಹಾಕಿಕೊಳ್ಳುವ ಮೊದಲು ಟಾರ್ಚ್ ಹುಡುಕುವುದು ಅಭ್ಯಾಸವಾಗಿತ್ತು.

ಅತ್ತೆಗೆ ಪ್ರತಿ ಶನಿವಾರ ಸಂಜೆ ಭಜನೆ. ಎರಡು ರಸ್ತೆ ಆಚೆ, ಗಣಪತಿ ಗುಡಿಯ ಹಿಂದಿನ ಸಣ್ಣ ಹಾಲ್‌ನಲ್ಲಿ ಕನ್ನಡದ ಹೆಂಗಸರು ಸೇರುತ್ತಿದ್ದರು. ಅತ್ತೆ ಹಾಡುವುದು ಕಡಿಮೆ, ತಾಳ ಹಾಕುವುದರಲ್ಲಿ ಎತ್ತಿದ ಕೈ. ಅವರು ಮದುವೆಯಾಗಿ ಉಡುಪಿ ಕಡೆಯಿಂದ ಬಂದದ್ದೇ ನೇರ ಹೋಟೆಲಿನ ಸಂಸಾರಕ್ಕೆ. ನಮ್ಮ ಮಾವ ಬದುಕಿರುವ ತನಕ ಕಲ್ಯಾಣದಲ್ಲಿ ಸಸ್ಯಾಹಾರಿ ಹೋಟೆಲ್ ನಡೆಸಿದರು, ಅತ್ತೆ ಮನೆಯಲ್ಲಿ ಕೂತು ಅದಕ್ಕೆ ಸಾರಿನ ಪುಡಿ, ಉಪ್ಪಿನಕಾಯಿ ಮಾಡಿದರು. ಹೋಟೆಲಿಗೂ ಮನೆಗೂ ಸೇರದ, ಪೂರ್ತಿ ತಮ್ಮದೇ ಅನ್ನುವಂಥದ್ದು ಅವರಿಗೆ ಇದ್ದದ್ದು ಆ ಭಜನೆಯೊಂದೇ.

ಒಂದು ಶನಿವಾರ ವಾಪಸು ಬರುವಾಗ ಅವರ ಕಾಲು ಗಟಾರದ ಅಂಚಿಗೆ ಬಿದ್ದು ಹೊರಳಿತು. ಮೂಳೆ ಮುರಿಯಲಿಲ್ಲ, ಪಾದ ಮಾತ್ರ ಇಡ್ಲಿಯ ಹಾಗೆ ಊದಿತು. ನನ್ನ ಗಂಡ ಗಾಬರಿಯಾದಾಗ ಸಿಟ್ಟಾಗುವ ಜಾತಿಯವರು.

“ಇನ್ನು ಒಬ್ಬಳೇ ಹೋಗುದು ಬೇಡ ಅಮ್ಮ. ಕೆಳಗಿನ ಮನೆಯವರು ಹೋಗ್ತಾರಲ್ಲ, ಅವರ ಒಟ್ಟಿಗೆ ಹೋಗು. ಇಲ್ಲದಿದ್ರೆ ಮನೆಯಲ್ಲಿ ಕೂತ್ಕೋ” ಎಂದರು.

“ಹಾಗಾದ್ರೆ ಮನೆಯಲ್ಲೇ ಕೂತ್ಕೊಳ್ತೇನೆ” ಎಂದರು ಅತ್ತೆ.

ಕೆಳಗಿನ ಮನೆಯವರೆಂದರೆ ಒಂದನೆಯ ಮಹಡಿಯ ಹಿರಿಯ ಹೆಂಗಸು, ಧಾರವಾಡದ ಕಡೆಯವರು. ಅದೇ ಭಜನೆಯಲ್ಲಿ ಅವರೇ ಮುಖ್ಯ ಹಾಡುಗಾರ್ತಿ. ಹಿಂದಿನ ವರ್ಷ ಏಕಾದಶಿಯ ದಿನ ಅವರು ದೇವರನಾಮವೊಂದನ್ನು ತಮ್ಮೂರಿನ ಧಾಟಿಯಲ್ಲಿ, ಸ್ವಲ್ಪ ಓಡಿಸಿಕೊಂಡು ಹಾಡಿದ್ದರು. ಅತ್ತೆಗೆ ಗೊತ್ತಿದ್ದದ್ದು ನಿಧಾನದ ಧಾಟಿ. ನಡುವೆಯೇ ತಾಳ ನಿಲ್ಲಿಸಿ, ಎಲ್ಲರ ಎದುರು, “ಇದೆಂತ, ದೇವರನಾಮವಾ ಲಾವಣಿಯಾ?” ಎಂದು ಕೇಳಿಬಿಟ್ಟರು. ಅಲ್ಲಿಂದ ಮಾತು ಬಂದ್. ಮೆಟ್ಟಿಲ ಮೇಲೆ ಎದುರಾದರೆ ಅತ್ತೆ ಗೋಡೆಯ ಬಣ್ಣ ನೋಡುತ್ತಿದ್ದರು, ಅವರು ಕಿಟಕಿಯ ಆಚೆ ನೋಡುತ್ತಿದ್ದರು. ಇಬ್ಬರೂ ಒಂದೇ ಹಾಲ್‌ಗೆ, ಒಂದೇ ಹೊತ್ತಿಗೆ, ರಸ್ತೆಯ ಎರಡು ಬದಿಯಲ್ಲಿ ನಡೆದು ಹೋಗುತ್ತಿದ್ದರು.

ಪಾದದ ಊತ ಇಳಿದ ಮೇಲೂ ಅತ್ತೆ ಭಜನೆಗೆ ಹೋಗಲಿಲ್ಲ. ಒಂದು ಶನಿವಾರ ನಾನು ಕೆಲಸದಿಂದ ಬಂದಾಗ ಮನೆ ಕತ್ತಲೆ. ಅತ್ತೆ ಗ್ಯಾಲರಿಯಲ್ಲಿ ಕೂತಿದ್ದರು. ಎರಡೂ ಕೈಯಲ್ಲಿ ತಾಳ. ಒಂದಕ್ಕೊಂದು ತಾಗದ ಹಾಗೆ, ಸದ್ದಾಗದ ಹಾಗೆ, ಗಾಳಿಯಲ್ಲೇ ತಾಳ ಹಾಕುತ್ತಿದ್ದರು. ಭಜನೆ ಎಲ್ಲಿಗೆ ಬಂದಿರಬಹುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರೋ ಏನೋ. ಇವರಿಗೆ ಒಳ್ಳೆಯ ಟಾರ್ಚ್ ಹುಡುಕಿಕೊಟ್ಟೇ ಸಿದ್ಧ ಎಂದು ಆವತ್ತೇ ಹಟ ಹಿಡಿದೆ.

ಮನೆಯಲ್ಲಿ ಹೋಟೆಲಿನ ಕಾಲದ ಸ್ಟೀಲ್ ಟಾರ್ಚ್ ಒಂದಿತ್ತು, ಮೂರು ದೊಡ್ಡ ಸೆಲ್ಲಿನದು. ಕಳ್ಳ ಬಂದರೆ ಹೊಡೆಯಲು ಅನುಕೂಲ, ದಾರಿ ನೋಡಲು ಅಲ್ಲ. ಬೆನ್ನಿಗೆ ಎರಡು ಪೆಟ್ಟು ಕೊಟ್ಟರಷ್ಟೇ ಹತ್ತುತ್ತಿತ್ತು. ಅದನ್ನು ಹಿಡಿದರೆ ಅತ್ತೆಗೆ ರೇಲಿಂಗ್ ಹಿಡಿಯಲು ಕೈ ಇಲ್ಲ. ರೈಲಿನ ಲೇಡೀಸ್ ಡಬ್ಬದಲ್ಲಿ ಕ್ಲಿಪ್ಪು, ಪಿನ್ನು ಮಾರುವವಳಿಂದ ಕೀ ಚೈನಿನ ಪುಟ್ಟ ಟಾರ್ಚ್ ತಂದೆ. ಚೀಲದೊಳಗೆ ತಾನಾಗಿಯೇ ಹತ್ತಿಕೊಂಡು, ಉರಿದು, ಬೇಕಾದ ಹೊತ್ತಿಗೆ ಕೈಕೊಟ್ಟಿತು. ಥಾಣೆ ಸ್ಟೇಷನ್ನಿನ ಹೊರಗೆ ಚಾರ್ಜಿಂಗ್ ಟಾರ್ಚ್ ಸಿಕ್ಕಿತು. ಬೆಳಕೇನೋ ಭರ್ಜರಿ. ಆದರೆ ಕರೆಂಟು ಇಲ್ಲದಾಗ ಬೇಕಾದ ವಸ್ತುವಿಗೆ ಕರೆಂಟು ಇದ್ದಾಗ ನೆನಪಿಟ್ಟು ಊಟ ಹಾಕಬೇಕು. ನಮ್ಮ ಮನೆಯಲ್ಲಿ ಅಷ್ಟು ಮುಂದಾಲೋಚನೆ ಇದ್ದವರು ಯಾರೂ ಇರಲಿಲ್ಲ.

ನನ್ನ ಗಂಡ ತಲೆಯಲ್ಲಿ ದೀಪ ಇರುವ ಮೊಬೈಲ್ ತಂದುಕೊಟ್ಟು, ಒಂದೇ ಕಲ್ಲಿಗೆ ಎರಡು ಹಕ್ಕಿ ಹೊಡೆದೆ ಎಂದು ಬೀಗಿದರು. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಮೆಟ್ಟಿಲಿಳಿಯುವಾಗ ನೀನು ಫೋನ್ ಮಾಡಿದ್ರೆ ನಾನು ಮಾತಾಡುದಾ, ದಾರಿ ನೋಡುದಾ?” ಎಂದು ಕೇಳಿದರು. ಬ್ಲೌಸಿಗೆ ಸಿಕ್ಕಿಸಿ ನೋಡಿದೆವು, ಬೆಳಕು ಗದ್ದಕ್ಕೆ ಬಿತ್ತು. ಸೊಂಟಕ್ಕೆ ಸಿಕ್ಕಿಸಿದರೆ ಸೀಲಿಂಗಿಗೆ.

ಇಷ್ಟರಲ್ಲಿ ಟಾರ್ಚಿನ ವಿಷಯದಲ್ಲಿ ನನಗೆ ಸ್ವಂತ ಅಭಿಪ್ರಾಯಗಳು ಬೆಳೆದಿದ್ದವು. ಅಂಗಡಿಯವರು ಎಷ್ಟು ದೂರ ಬೆಳಕು ಹೋಗುತ್ತದೆ ಎಂದು ಹೇಳುತ್ತಾರೆ. ದೂರ ಯಾರಿಗೆ ಬೇಕು? ಮುಂದಿನ ಹೆಜ್ಜೆ ಕಂಡರೆ ಸಾಕು. ಸ್ವಿಚ್ ಕತ್ತಲಲ್ಲೂ ಬೆರಳಿಗೆ ಸಿಗಬೇಕು, ಆದರೆ ಚೀಲದಲ್ಲಿ ತಾನೇ ಒತ್ತಿಕೊಳ್ಳಬಾರದು. ಸೆಲ್ಲು ಬೀದಿಯ ಕೊನೆಯ ಅಂಗಡಿಯಲ್ಲಿ ಸಿಗಬೇಕು. ಎಲ್ಲಕ್ಕಿಂತ ಮುಖ್ಯ, ಅದು ಕೈ ಕೇಳಬಾರದು. ಆಫೀಸಿನಲ್ಲಿ ಊಟದ ಹೊತ್ತಿಗೆ ಇದನ್ನೆಲ್ಲ ಹೇಳಿ ಹೇಳಿ ಎಲ್ಲರ ತಲೆ ತಿಂದೆ. ಘಣಸೋಲಿಯಿಂದ ಬರುತ್ತಿದ್ದ ಗೆಳತಿ ಕೊನೆಗೆ ಬೇಸತ್ತು, “ಅರೆ, ತಲೆಗೇ ಕಟ್ಟಿಬಿಡು ನಿನ್ನ ಸಾಸೂಬಾಯಿಗೆ!” ಎಂದು ಹಿಂದಿ ಮರಾಠಿ ಬೆರೆಸಿ ಬೈದಳು. ಅವಳು ತಮಾಷೆಗೆ ಹೇಳಿದ್ದು, ನಾನು ಹಾಗೆ ತೆಗೆದುಕೊಳ್ಳಲಿಲ್ಲ.

ನನ್ನ ಗಂಡನ ಕೆಲಸ ಶಹಾಡ್‌ನ ಒಂದು ಕಾರ್ಖಾನೆಯಲ್ಲಿ. ಸ್ಟೇಷನ್ನಿನ ಹತ್ತಿರ ಹೆಲ್ಮೆಟ್ಟು, ಗಂಬೂಟು, ಕೈಗವಸು ಮಾರುವ ಅಂಗಡಿಯಿತ್ತು. ಅಲ್ಲಿಂದ ಹಣೆಗೆ ಕಟ್ಟುವ ಟಾರ್ಚ್ ಬಂತು. ಹಿಗ್ಗುವ ಪಟ್ಟಿ, ಮುಂದೆ ದೀಪ, ಸಾಮಾನ್ಯ ಪೆನ್ಸಿಲ್ ಸೆಲ್ಲು. ಅತ್ತೆ ಅದನ್ನು ಕಂಡು ಮೂಗು ಮುರಿದರು.

“ಇದೆಂತ ಮಾರಾಯ್ತಿ, ನಾನು ಗಣಿಯಲ್ಲಿ ಕೆಲಸಕ್ಕೆ ಹೋಗುದಾ?”

“ಭಜನೆಗೆ ಹೋಗುದು. ಕೆಳಗಿನ ಮನೆಯವರ ಹಂಗಿಲ್ಲದೆ” ಎಂದೆ.

ಅದು ನಾಟಿತು. ಕನ್ನಡಿಯ ಮುಂದೆ ನಿಂತು ಪಟ್ಟಿಯನ್ನು ತುರುಬಿನ ಕೆಳಗೆ ಎಳೆದು ಕೂರಿಸಿಕೊಂಡರು. ಎರಡೂ ಕೈ ಮೇಲೆತ್ತಿ, ತಿರುಗಿಸಿ ನೋಡಿದರು. ಖಾಲಿ! ಆ ವರ್ಷದಲ್ಲಿ ಅವರು ಅಷ್ಟು ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಮುಂದಿನ ಶನಿವಾರ ನನಗೆ ರಜೆ. ಮೊದಲ ದಿನವಾದ್ದರಿಂದ ಪರೀಕ್ಷೆ ಮಾಡಲು ನಾನೂ ಹಿಂದೆ ಹೊರಟೆ. ಕರೆಂಟು ಹೋಗಿತ್ತು. ಅತ್ತೆ ಒಂದು ಕೈಯಲ್ಲಿ ನೆರಿಗೆ, ಒಂದು ಕೈಯಲ್ಲಿ ರೇಲಿಂಗ್, ಹೆಗಲಲ್ಲಿ ತಾಳದ ಚೀಲ, ಹಣೆಯಲ್ಲಿ ದೀಪ, ಹೀಗೆ ಮಹಾರಾಣಿಯ ಗತ್ತಿನಲ್ಲಿ ಇಳಿದರು. ಒಂದನೆಯ ಮಹಡಿಗೆ ಬಂದಾಗ ಸರಿಯಾಗಿ ಬಾಗಿಲು ತೆರೆಯಿತು. ಸದ್ದಿಗೆ ಅತ್ತೆ ತಲೆಯೆತ್ತಿ ನೋಡಿದರು. ಬೆಳಕು ನೇರ ಧಾರವಾಡದವರ ಕಣ್ಣಿಗೆ ಹೊಡೆಯಿತು.

“ಅಯ್ಯಯ್ಯ! ಏನ್ರೀ ಇದು, ಕಣ್ಣು ಕುಕ್ಕ್ಯಾವು!” ಎಂದು ಅವರು ಸೆರಗು ಅಡ್ಡ ಹಿಡಿದರು.

ಅತ್ತೆ ಗಡಬಡಿಸಿ ತಲೆ ತಗ್ಗಿಸಿದರು. ದೀಪ ಆರಿಸೋಣವೆಂದರೆ ಎರಡೂ ಕೈ ಕೆಲಸದಲ್ಲಿವೆ, ಮೆಟ್ಟಿಲ ಮೇಲೆ ರೇಲಿಂಗ್ ಬಿಡುವಂತಿಲ್ಲ. ಹಾಗಾಗಿ ಗದ್ದ ಎದೆಗೆ ತಾಗುವಷ್ಟು ಬಾಗಿ, ಅಲ್ಲಾಡದೆ ನಿಂತುಬಿಟ್ಟರು. ಆ ಹೆಂಗಸು ಸೆರಗು ಸರಿಸಿ ನೋಡುತ್ತಾರೆ, ವರ್ಷಕ್ಕೂ ಹೆಚ್ಚು ಕಾಲ ತಮ್ಮ ಕಡೆ ಮುಖ ತಿರುಗಿಸದಿದ್ದವರು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಾರೆ. ಅವರ ದನಿಯೇ ಬದಲಾಯಿತು, ಸ್ವಂತ ಅತ್ತಿಗೆಯನ್ನು ಕರೆಯುವ ಹಾಗೆ ಕರೆದರು.

“ಇರ್ಲಿ ಬಿಡ್ರಿ ವೈನಿ. ಹಿಂಗ ತಲಿ ತಗ್ಗಿಸಿ ಯಾಕ ನಿಲ್ತೀರಿ? ಆಗಿದ್ದು ಆಗಿ ಹೋತು. ನಂದೂ ತಪ್ಪು ಅದ, ನಾನೂ ಅಷ್ಟು ಬಿಗುಮಾನ ಮಾಡಬಾರದಿತ್ತು.”

ಅತ್ತೆ ಬಾಯಿ ತೆರೆದರು. ಇದು ದೀಪದ ಕಥೆ ಎಂದು ಹೇಳಬೇಕೆಂದರೆ ಮುಖ ನೋಡಿ ಹೇಳಬೇಕು, ಮುಖ ನೋಡಿದರೆ ಮತ್ತೆ ಅವರ ಕಣ್ಣಿಗೆ ಹೊಡೆಯುತ್ತದೆ. ನೆಲವನ್ನು ನೋಡಿಕೊಂಡೇ, “ಅದು ಹಾಗಲ್ಲ...” ಎಂದರು. “ಗೊತ್ತದ ಬಿಡ್ರಿ” ಎಂದ ಅವರು ಬಂದು ಅತ್ತೆಯ ತೋಳು ಹಿಡಿದರು. ಹಿಂದೆ ನಾನು ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡಿದ್ದೆ.

ಕೆಳಗಿನ ಮನೆಯವರ ಕೈಯಲ್ಲಿ ಟಾರ್ಚ್ ಇರಲಿಲ್ಲ. ಹಾಗಾಗಿ ರಸ್ತೆಯುದ್ದಕ್ಕೂ ಅವರು ಅತ್ತೆಯ ಬೆಳಕಿನೊಳಗೇ ಹೆಜ್ಜೆ ಹಾಕಬೇಕಾಯಿತು. “ಇಲ್ಲಿ ಗುಂಡಿ ಉಂಟು. ಈ ಕಡೆ ಬನ್ನಿ” ಎಂದು ಅತ್ತೆ ದಾರಿ ತೋರಿಸಿದರು. ಯಾರ ಜೊತೆಯಾದರೂ ಹೋಗು ಎಂದು ಮಗ ಹೇಳಿದ್ದರು, ಈಗ ನೋಡಿದರೆ ಅತ್ತೆಯೇ ಇನ್ನೊಬ್ಬರನ್ನು ಕರೆದುಕೊಂಡು ಹೊರಟಿದ್ದರು. ಆ ನಡಿಗೆಯಲ್ಲಿ ಠೀವಿ ಇತ್ತು.

ಹಾಲ್‌ನಲ್ಲೂ ಕತ್ತಲೆ. ಎಮರ್ಜೆನ್ಸಿ ದೀಪ ಮಂಕಾಗಿ ಕಣ್ಣು ಮುಚ್ಚುತ್ತಿತ್ತು. ಕಂಠಪಾಠ ಇದ್ದ ಹಾಡುಗಳೆಲ್ಲ ಮುಗಿದ ಮೇಲೆ ಪುಸ್ತಕ ಬೇಕಾಯಿತು. ಕೆಳಗಿನ ಮನೆಯವರು ಪುಸ್ತಕ ಬಿಡಿಸಿ ಅತ್ತೆಯ ಮೊಣಕಾಲಿನ ಹತ್ತಿರ ಇಟ್ಟರು. ಹಾಡಿದ್ದು ಅದೇ ದೇವರನಾಮ, ಅದೇ ಓಡುವ ಧಾಟಿ. ಅತ್ತೆ ತಲೆಯೆತ್ತಿದರೆ ಅಕ್ಷರ ಕಾಣುವುದಿಲ್ಲ, ಹಾಡು ನಿಲ್ಲುತ್ತದೆ. ಆದ್ದರಿಂದ ಪುಸ್ತಕದ ಮೇಲೆ ಬಾಗಿ ಕೂತು, ಖಾಲಿಯಿದ್ದ ಎರಡೂ ಕೈಗಳಿಂದ ತಾಳ ಹಾಕಿದರು. ಮೊದಲ ಚರಣದಲ್ಲಿ ಬೇಕೆಂದೇ ಎಳೆದರು. ಎರಡನೆಯದರಲ್ಲಿ ತಾಳ ಹಾಡಿನ ಹಿಂದೆ ಓಡಿತು. ಕೊನೆಯ ಚರಣಕ್ಕೆ ಬಂದಾಗ ಹಾಡಿಗಿಂತ ತಾಳವೇ ಜೋರಾಗಿತ್ತು, ಮೂಲೆಯಲ್ಲಿದ್ದವರೂ ಚಪ್ಪಾಳೆ ಸೇರಿಸಿದರು. ನನಗೆ ಖುಷಿಯಿಂದ ಕಣ್ಣು ತುಂಬಿತು.

ಮನೆಗೆ ಬಂದ ಮೇಲೆ ಮಾತ್ರ ಅತ್ತೆ ಮುಖ ಊದಿಸಿಕೊಂಡರು. “ನಾನು ಕ್ಷಮೆ ಕೇಳಿದೆ ಅಂತ ಗ್ರಹಿಸಿದ್ದಾರೆ ಅವರು! ಎಲ್ಲ ನಿನ್ನ ಟಾರ್ಚಿನಿಂದ!” ಎಂದು ನನ್ನ ಮೇಲೆ ಹಾರಿದರು. ಮುಂದಿನ ಶನಿವಾರ ಐದೂವರೆಗೇ ತಯಾರಾಗಿ, ಪಟ್ಟಿ ತಲೆಗೆ ಏರಿಸಿ, “ಸೆಲ್ಲು ಹೊಸದು ಹಾಕಿದ್ದೀಯಾ?” ಎಂದು ಕೇಳಿದವರೂ ಅವರೇ.

ಅಲ್ಲಿಂದ ಅದು ರೂಢಿಯಾಯಿತು. ಅತ್ತೆ ಒಂದನೆಯ ಮಹಡಿಗೆ ಬಂದು ಬೆಲ್ಲಿನ ಬದಲು ಬಾಗಿಲು ತಟ್ಟುವುದು, ತೆರೆದ ಕೂಡಲೇ ತಲೆ ತಗ್ಗಿಸುವುದು, “ಬರ್ರಿ ವೈನಿ, ಹೋಗೂಣು” ಎಂಬ ದನಿ ಕೇಳುವುದು. ನನ್ನ ಗಂಡ ಸಮಾಧಾನಗೊಂಡರು. ಟಾರ್ಚ್ ತಾಳದ ಚೀಲದಲ್ಲಿಯೇ ವಾಸ ಮಾಡಿತು, ಪಟ್ಟಿ ಸಡಿಲಾದಾಗ ಅತ್ತೆ ಅದಕ್ಕೆ ಲಂಗದ ಎಲಾಸ್ಟಿಕ್ ಹೊಲಿದರು.

ಮಾರನೆಯ ವರ್ಷ, ಒಂದು ಶನಿವಾರ ಬೆಳಿಗ್ಗೆ ಸೆಲ್ಲು ಬದಲಿಸುವಾಗ ನನ್ನ ಹೆಬ್ಬೆರಳು ಎಲ್ಲೋ ಒತ್ತಿತು. ಕಟಕ್ ಎಂದು ದೀಪ ಕೆಳಕ್ಕೆ ಬಗ್ಗಿತು. ಅದಕ್ಕೆ ಕೀಲು ಇತ್ತು! ಹಣೆ ನೆಟ್ಟಗಿದ್ದರೂ ಬೆಳಕು ಕಾಲಿನ ಮುಂದೆ ಬೀಳುವ ಹಾಗೆ ಅದನ್ನು ಮಾಡಿದ್ದರು. ಇಷ್ಟು ದಿನ ಟಾರ್ಚ್ ಪಂಡಿತೆಯಂತೆ ಮೆರೆದ ನನಗೇ ಅದು ಕಂಡಿರಲಿಲ್ಲ. ಅಡುಗೆಮನೆಗೆ ಓಡಿದೆ.

“ಅತ್ತೆ, ನೋಡಿ ಇಲ್ಲಿ, ಇದು ಬಗ್ಗುತ್ತದೆ! ಇನ್ನು ನೀವು ಯಾರ ಎದುರೂ ತಲೆ ತಗ್ಗಿಸುವುದೇ ಬೇಡ.”

ಅತ್ತೆ ಕೈ ಒರೆಸಿಕೊಂಡು ಟಾರ್ಚ್ ತೆಗೆದುಕೊಂಡರು. ನೋಡಲೂ ಇಲ್ಲ. ಒಂದೇ ಬೆರಳಿನಿಂದ ಕಟಕ್ ಎಂದು ಮೊದಲಿನ ಹಾಗೆ ಮೇಲಕ್ಕೆ ತಳ್ಳಿದರು.

“ಗೊತ್ತುಂಟು. ಎರಡನೇ ವಾರವೇ ಗೊತ್ತಾಗಿದೆ. ರಸ್ತೆಯಲ್ಲಿ ಬಗ್ಗಿಸಿಕೊಳ್ತೇನೆ.”

“ಮತ್ತೆ ಅವರ ಬಾಗಿಲಲ್ಲಿ?”

ಅವರು ತಿರುಗಿ ಒಲೆಯ ಮೇಲಿನ ಹುಳಿ ಕದಡಿದರು. ನನ್ನ ಕಡೆ ನೋಡದೆಯೇ ಹೇಳಿದರು.

“ಅವತ್ತು ಎಲ್ಲರ ಎದುರು ಹಾಗೆ ಹೇಳಿದ್ದು ನನ್ನದೇ ತಪ್ಪು ಮಾರಾಯ್ತಿ. ಬಾಯಲ್ಲಿ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ. ಹೀಗಾದ್ರೂ ವಾರಕ್ಕೊಮ್ಮೆ ಹೇಳಿದ ಹಾಗೆ ಆಗ್ತದಲ್ಲ.”

ನಾನು ಹೊಸ ಸೆಲ್ಲು ಹಾಕಿ, ದೀಪ ನೆಟ್ಟಗಿದೆಯೇ ಎಂದು ನೋಡಿ, ತಾಳದ ಚೀಲದಲ್ಲಿಟ್ಟೆ.